ಕೆರೆಯೊಳಗೆ ನಿಂತ ಮನೆ: ಗೆಳೆಯನಿಗೊಂದು ಪತ್ರ

ಪ್ರೀತಿಯ ಸುರೇಶ,

ಪಾಯ ತೋಡುವಾಗ ನೀರು ಜಿನುಗಿದರೆ ನಿನಗೆ ರಾತ್ರಿ ನಿದ್ದೆ ಬರುವುದಿಲ್ಲ ಅಂತ ನನಗೆ ಗೊತ್ತು. ಅದಕ್ಕೇ ಎಗೆಸ್ಕೋವ್ ಬಗ್ಗೆ ನಿನಗೇ ಬರೆಯಬೇಕು ಅನ್ನಿಸಿತು. ಡೆನ್ಮಾರ್ಕಿನ ಫ್ಯೂನ್ ದ್ವೀಪದ ದಕ್ಷಿಣದಲ್ಲಿರುವ ಈ ಜಮೀನ್ದಾರಿ ಮನೆಯನ್ನು ಬೇಕೆಂದೇ ಕೆರೆಯೊಳಗೆ ಕಟ್ಟಿದ್ದಾರೆ!

ಯಾಕೆ ಅಂತೀಯಾ? 1534ರಿಂದ 1536ರವರೆಗೆ ಅಲ್ಲಿ ಅಂತರ್ಯುದ್ಧ ನಡೆಯಿತು. ರೈತರು ದಂಗೆಯೆದ್ದು ಎಷ್ಟೋ ಸರದಾರರ ಮನೆಗಳಿಗೆ ಬೆಂಕಿಯಿಟ್ಟರು. ಆ ಬೆಂಕಿಯ ನೆನಪು ಆರುವ ಮೊದಲೇ, ಫ್ರಾನ್ಸ್ ಬ್ರಾಕೆನ್‌ಹುಸ್ ಎಂಬ ಸರದಾರ ಕಟ್ಟಿಸಿದ ಮನೆ ಇದು. 1554ರಲ್ಲಿ ಮುಗಿಯಿತು. ತಳದಲ್ಲಿ ಸಾಲುಸಾಲಾಗಿ ಹೂತ ಓಕ್ ಮರದ ಕಂಬಗಳು. ಇದಕ್ಕಾಗಿ ಇಡೀ ಒಂದು ಓಕ್ ಕಾಡೇ ಉರುಳಿತು ಅನ್ನೋದು ಅಲ್ಲಿನ ಐತಿಹ್ಯ. ನೀರಿನಡಿ ಗಾಳಿ ತಾಕದ ಮರ ಸುಲಭಕ್ಕೆ ಕೊಳೆಯುವುದಿಲ್ಲ ಅನ್ನೋದನ್ನ ನಿನಗೆ ನಾನು ಹೇಳಬೇಕಿಲ್ಲ.

ನನ್ನನ್ನು ಹಿಡಿದು ನಿಲ್ಲಿಸಿದ್ದು ಮಾತ್ರ ನಡುಗೋಡೆ. ಹೊರಗಿನಿಂದ ಒಂದೇ ಮನೆಯಂತೆ ಕಂಡರೂ ಅಲ್ಲಿರುವುದು ಬೆನ್ನಿಗೆ ಬೆನ್ನು ಕೊಟ್ಟು ನಿಂತ ಎರಡು ಉದ್ದನೆಯ ಮನೆಗಳು. ನಡುವಿನ ಜೋಡಿ ಗೋಡೆಯ ದಪ್ಪ ಒಂದು ಮೀಟರಿಗೂ ಹೆಚ್ಚು. ಅದರ ಹೊಟ್ಟೆಯೊಳಗೇ ಗುಟ್ಟಿನ ಮೆಟ್ಟಿಲುಗಳಿವೆ, ಒಂದು ಬಾವಿಯೂ ಇದೆ. ಶತ್ರು ಮುಂದಿನ ಮನೆ ಹಿಡಿದರೆ ಹಿಂದಿನದಕ್ಕೆ ಸರಿದು ಕಾದಾಡಬಹುದು, ಕುಡಿಯುವ ನೀರಿಗೂ ಹೊರಗೆ ಹೋಗಬೇಕಿಲ್ಲ. ಮೂಲೆಯ ದುಂಡು ಬುರುಜುಗಳಲ್ಲಿ ನಿಂತರೆ ಗೋಡೆಗೆ ಅಂಟಿಕೊಂಡು ಬರುವವನನ್ನೂ ಪಕ್ಕದಿಂದ ಹೊಡೆಯಬಹುದು. ಮೇಲಿನಿಂದ ಕುದಿಯುವುದನ್ನು ಸುರಿಯಲು ಕಿಂಡಿಗಳೂ ಇವೆ. ಮಕ್ಕಳುಮರಿಗಳ ಜೊತೆ ಬಾಳುವ ಮನೆಯಲ್ಲಿ ಇದೆಲ್ಲ ಬೇಕಾಯಿತಲ್ಲ ಅಂತ ಸಂಕಟವಾಗುತ್ತದೆ ಕಣೋ. ಜನರ ಸಿಟ್ಟಿಗೆ ಆ ಸರದಾರರು ಎಷ್ಟು ಹೆದರಿದ್ದರು ಅನ್ನೋದಕ್ಕೆ ಇದಕ್ಕಿಂತ ಸಾಕ್ಷಿ ಬೇಡ.

ಇಟ್ಟಿಗೆಗಳನ್ನೂ ನೋಡಬೇಕು ನೀನು. ಮಧ್ಯಯುಗದ ಮಠಗಳನ್ನು ಕಟ್ಟಿದ ಬಗೆಯವು, ಈಗಿನವಕ್ಕಿಂತ ಬಲು ದೊಡ್ಡವು.

1784ರಲ್ಲಿ ಮನೆ ಬಿಲ್ಲೆ ಮನೆತನದವರ ಕೈಗೆ ಬಂತು. 1880ರ ದಶಕದಲ್ಲಿ ಸ್ವೀಡನ್ನಿನ ವಾಸ್ತುಶಿಲ್ಪಿ ಹೆಲ್ಗೊ ಸೆಟರ್‌ವಾಲ್ ಬುರುಜುಗಳನ್ನು ಎತ್ತರಿಸಿ, ಹೆಬ್ಬಾಗಿಲ ಕಟ್ಟಡವನ್ನೂ ಸೇರಿಸಿದ. ಇವತ್ತಿನ ಚಿತ್ರಗಳಲ್ಲಿ ಎಲ್ಲರೂ ಮೆಚ್ಚುವ ಚೂಪು ಶಿಖರಗಳ ಸೊಗಸಿನಲ್ಲಿ ಅವನ ಪಾಲು ದೊಡ್ಡದು. ಅದು ಚೆಂದವೇ, ಆದರೆ ನನ್ನ ಮನಸ್ಸು ಒಪ್ಪುವುದು ಕೆಳಗಿನ ಒರಟು ಗೋಡೆಯನ್ನೇ. ನೀನು ಈ ಕಡೆ ಬಂದರೆ ಶಿಖರ, ತೋಟ ಎಲ್ಲ ಆಮೇಲೆ. ಮೊದಲು ಆ ನಡುಗೋಡೆಯ ಹತ್ತಿರ ಹೋಗೋಣ.

ನಿನ್ನ,
ಪ್ರಕಾಶ