ಕರುಗಳ ‘ಬೆಳವಣಿಗೆ ಹಾರ್ಮೋನ್’ ಪುಡಿಯ ಬಗ್ಗೆ ದೂರು

ಗ್ರಾಹಕ ದೂರು ವಿಭಾಗದ ಮುಖ್ಯಸ್ಥರಿಗೆ,

ವಿಷಯ: ಕರುಗಳಿಗೆ ಹಾಲಿನಲ್ಲಿ ಕಲಸಿ ಕುಡಿಸಲೆಂದು ತಾವು ಮಾರಿದ ಪುಡಿ ಮತ್ತು ಅದರಿಂದ ಆದ ನಷ್ಟದ ಕುರಿತು.

ಮಾನ್ಯರೇ,

ನಾನು ಮಂಡ್ಯ ಜಿಲ್ಲೆ ಮದ್ದೂರು ತಾಲ್ಲೂಕಿನ ಹೈನುಗಾರ. ಡೈರಿಗೆ ಹಾಲು ಹಾಕಿ ಬದುಕುವ ನಮ್ಮಂಥವರಿಗೆ ಕೊಟ್ಟಿಗೆಯ ಹೆಣ್ಣುಕರುವೇ ನಾಳಿನ ಕರೆಯುವ ಹಸು. ತಮ್ಮ ಪ್ರತಿನಿಧಿ ಮನೆಗೆ ಬಂದು, ಈ ಪುಡಿಯಲ್ಲಿ ಬೆಳವಣಿಗೆ ಹಾರ್ಮೋನ್ ಇದೆ, ಕುಡಿಸಿದರೆ ಕಡಸು ಹತ್ತೇ ತಿಂಗಳಿಗೆ ಬೆದೆಗೆ ಬರುತ್ತದೆ ಎಂದು ಹೇಳಿದ್ದನ್ನು ನಂಬಿ, ಎರಡು ತಿಂಗಳು ತುಂಬಿದ್ದ ಎರಡು ಎಚ್.ಎಫ್. (ಹೋಲ್‌ಸ್ಟೀನ್ ಫ್ರೀಸಿಯನ್) ಮಿಶ್ರತಳಿ ಕರುಗಳಿಗಾಗಿ ಆರು ಡಬ್ಬಿ ಕೊಂಡೆ. ರಸೀದಿಯ ಪ್ರತಿಯನ್ನೂ ಡಬ್ಬಿಯ ಚಿತ್ರಗಳನ್ನೂ ಲಗತ್ತಿಸಿದ್ದೇನೆ.

ಡಬ್ಬಿಯೊಂದಿಗಿನ ಕರಪತ್ರದಲ್ಲಿ, ಇದನ್ನು ಕೊಡುವಾಗ ಹಿಂಡಿಯನ್ನು ಅರ್ಧಕ್ಕೆ ಇಳಿಸಬಹುದು ಎಂದು ಅಚ್ಚಾಗಿದೆ. ನಾನು ಹಾಗೆಯೇ ಮಾಡಿದೆ. ನನ್ನ ಕರುಗಳಿಗೆ ಹೆಚ್ಚು ಪೆಟ್ಟು ಬಿದ್ದಿರುವುದು ಇಲ್ಲಿಯೇ. ಕರು ಹುಟ್ಟಿದಾಗ ರೂಮೆನ್ ಎಂಬ ಅದರ ದೊಡ್ಡ ಹೊಟ್ಟೆ ಇನ್ನೂ ಎಳಸಾಗಿರುತ್ತದೆ. ಕರು ತಿಂದ ಹಿಂಡಿ, ಕಾಳಿನ ಆಹಾರ ಅಲ್ಲಿ ಹುದುಗಿದಾಗ ಹುಟ್ಟುವ ಆಮ್ಲಗಳೇ ಅದರ ಒಳಗೋಡೆಯನ್ನು ಬೆಳೆಸುತ್ತವೆ. ಆ ಕೆಲಸ ಹಾಲಿನಿಂದಾಗಲಿ ಪುಡಿಯಿಂದಾಗಲಿ ಆಗುವುದಿಲ್ಲ. ತೊಂಬತ್ತು ದಿನಗಳ ಬಳಿಕ ಎದೆಯ ಸುತ್ತಳತೆ ಹಿಡಿದು ತೂಕ ಅಂದಾಜು ಮಾಡಿದಾಗ ನನ್ನ ಕರುಗಳು 82 ಮತ್ತು 85 ಕೆ.ಜಿ. ಬಂದವು. ಅದೇ ವಾರ ಹುಟ್ಟಿ, ಬರೀ ಹಿಂಡಿ, ಒಣಹುಲ್ಲು ಮತ್ತು ಹೊತ್ತಿಗೆ ಸರಿಯಾಗಿ ಜಂತಿನ ಔಷಧ ಪಡೆದ ನನ್ನ ತಮ್ಮನ ಕರು 104 ಕೆ.ಜಿ. ಇತ್ತು.

ಇನ್ನು ಪುಡಿಯ ಮಾತು. ನಮ್ಮ ಪಶುವೈದ್ಯರು ತಿಳಿಸಿದಂತೆ, ಬೆಳವಣಿಗೆ ಹಾರ್ಮೋನ್ ಎಂಬುದು ಮೆದುಳಿನ ತಳದ ಪಿಟ್ಯುಟರಿ ಗ್ರಂಥಿಯಲ್ಲಿ ಹುಟ್ಟುವ ಪ್ರೋಟೀನು. ಬಾಯಿಯಿಂದ ಕುಡಿಸಿದರೆ ಅದು ಇತರ ಪ್ರೋಟೀನುಗಳಂತೆ ಹೊಟ್ಟೆಯಲ್ಲಿ ಜೀರ್ಣವಾಗಿಬಿಡುತ್ತದೆ, ಹಾರ್ಮೋನ್ ಆಗಿ ರಕ್ತಕ್ಕೆ ಸೇರುವುದಿಲ್ಲ. ಅಮೆರಿಕದ ಫಾರಂಗಳಲ್ಲಿಯೂ ಇದೇ ಬಳಕೆಯಲ್ಲಿದೆ ಎಂದು ಕರಪತ್ರ ಹೇಳುತ್ತದೆ. ಆದರೆ ಅಲ್ಲಿ 1993ರಲ್ಲಿ ಅನುಮತಿ ಪಡೆದ ದನದ ಬೆಳವಣಿಗೆ ಹಾರ್ಮೋನ್ ಹಾಲು ಕರೆಯುವ ಹಸುಗಳಿಗೆ ಕೊಡುವ ಇಂಜೆಕ್ಷನ್, ಕರುಗಳಿಗೆ ಕುಡಿಸುವ ಪುಡಿಯಲ್ಲ.

ಹೀಗಿರುವಾಗ ತಮ್ಮ ಡಬ್ಬಿಯಲ್ಲಿ ಹೇಳಿದ ಹಾರ್ಮೋನ್ ಇದ್ದರೂ ಅದು ವ್ಯರ್ಥ, ಇಲ್ಲದಿದ್ದರೆ ಅದು ಸುಳ್ಳು. ಇವೆರಡಕ್ಕಿಂತ ನನ್ನನ್ನು ಕಾಡುತ್ತಿರುವುದು ಮೂರನೆಯ ಸಾಧ್ಯತೆ. ಐದು ತಿಂಗಳ ಒಂದು ಕರುವಿನ ಮೊಲೆತೊಟ್ಟುಗಳು ವಯಸ್ಸಿಗೆ ಮೀರಿ ಊದಿಕೊಂಡಿದ್ದು, ಅದನ್ನು ನೋಡಿದ ವೈದ್ಯರು ಏನು ತಿನ್ನಿಸುತ್ತಿದ್ದೀರಿ ಎಂದು ಮೊದಲು ಕೇಳಿದರು. ಬಾಯಿಯಿಂದ ಕೊಟ್ಟರೂ ಕೆಲಸ ಮಾಡುವ, ಹೆಣ್ಣು ಹಾರ್ಮೋನಾದ ಈಸ್ಟ್ರೋಜನ್‌ನಂತಹ ಸ್ಟಿಲ್‌ಬೆಸ್ಟ್ರಾಲ್ ಅನ್ನು ಅಮೆರಿಕದಲ್ಲಿ 1954ರಿಂದ ದನಗಳ ಆಹಾರದಲ್ಲಿ ಬೆರೆಸುತ್ತಿದ್ದರು. ಕ್ಯಾನ್ಸರ್ ಭೀತಿಯಿಂದ 1979ರಲ್ಲಿ ಅದನ್ನು ನಿಷೇಧಿಸಲಾಯಿತು. ಅಂತಹುದೇನಾದರೂ ಈ ಪುಡಿಯಲ್ಲಿದ್ದರೆ, ನಾಳೆ ಗಬ್ಬ ನಿಲ್ಲಬೇಕಾದ ಕಡಸಿನ ಗರ್ಭಕೋಶ ಮತ್ತು ಕೆಚ್ಚಲಿನ ಗತಿಯೇನು? ಹತ್ತು ತಿಂಗಳಿಗೆ ಬೆದೆಗೆ ಬರುವುದೂ ನಮಗೆ ಲಾಭವಲ್ಲ. ಮಿಶ್ರತಳಿ ಕಡಸು ಸುಮಾರು 250 ಕೆ.ಜಿ. ತೂಗದೆ ಯಾವ ರೈತನೂ ಕೃತಕ ಗರ್ಭಧಾರಣೆ ಮಾಡಿಸಬಾರದು.

ಆದ್ದರಿಂದ ಡಬ್ಬಿಯ ಮೇಲಿನ ಬ್ಯಾಚ್ ಸಂಖ್ಯೆಯ ಪುಡಿಯಲ್ಲಿ ಏನೇನು ಎಷ್ಟೆಷ್ಟಿದೆ ಎಂಬುದನ್ನು ಪ್ರಯೋಗಾಲಯದ ವರದಿಯೊಂದಿಗೆ ಲಿಖಿತವಾಗಿ ತಿಳಿಸಬೇಕು. ಆರೂ ಡಬ್ಬಿಗಳ ಹಣ ಹಾಗೂ ಚಿಕಿತ್ಸೆಯ ವೆಚ್ಚವನ್ನು ಮರಳಿಸಬೇಕು. ಹಿಂಡಿ ಇಳಿಸಿ ಎನ್ನುವ ಕರಪತ್ರವನ್ನು ಕೂಡಲೇ ಹಿಂಪಡೆದು, ಈ ಸುತ್ತಿನ ಊರುಗಳಲ್ಲಿ ಪುಡಿ ಕೊಂಡ ಎಲ್ಲರಿಗೂ ತಮ್ಮ ಪ್ರತಿನಿಧಿಯ ಮೂಲಕವೇ ವಿಷಯ ಮುಟ್ಟಿಸಬೇಕು. ಹದಿನೈದು ದಿನಗಳೊಳಗೆ ಉತ್ತರ ಬಾರದಿದ್ದರೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ಜಿಲ್ಲಾ ಗ್ರಾಹಕ ಆಯೋಗಕ್ಕೆ ದೂರು ಸಲ್ಲಿಸುತ್ತೇನೆ. ಆರನೆಯ ಡಬ್ಬಿಯನ್ನು ಸೀಲು ಒಡೆಯದೆ ಪರೀಕ್ಷೆಗೆಂದು ತೆಗೆದಿರಿಸಿದ್ದೇನೆ.

ಇಂತಿ,
ತಮ್ಮ ಗ್ರಾಹಕ