ಕರ್ನ್ ಕೌಂಟಿಯ ತೋಟಕ್ಕೆ ಹೊರಟ ಸೋದರಳಿಯನಿಗೆ

ಚಿರಂಜೀವಿ ಸುಹಾಸನಿಗೆ ನಿನ್ನ ಸೋದರಮಾವನು ಮಾಡುವ ಆಶೀರ್ವಾದಗಳು. ಉಭಯ ಕುಶಲೋಪರಿ ಸಾಂಪ್ರತ.

ಡೇವಿಸ್‌ನಲ್ಲಿ ಓದು ಮುಗಿಸಿ ಕ್ಯಾಲಿಫೋರ್ನಿಯಾದ ಕರ್ನ್ ಕೌಂಟಿಯ ಬಾದಾಮಿ ತೋಟವೊಂದಕ್ಕೆ ನೀನು ಮೇಲ್ವಿಚಾರಕನಾಗಿ ಸೇರುತ್ತಿರುವುದನ್ನು ನಿನ್ನ ತಾಯಿ ಫೋನಿನಲ್ಲಿ ತಿಳಿಸಿದಳು. ಸಂಬಳ, ಮನೆ, ಕಾರು ಎಲ್ಲದರ ವಿವರವೂ ಬಂತು. ಧೂಳಿನ ಮಾತು ಮಾತ್ರ ಬರಲಿಲ್ಲ. ಅದೇ ಊರಿನ ಸುತ್ತಮುತ್ತ ಎದೆರೋಗದ ವೈದ್ಯನಾಗಿ ಅನೇಕ ವರ್ಷ ಕಳೆದವನಾದ್ದರಿಂದ ಅದನ್ನು ಹೇಳುವ ಹೊಣೆ ನನ್ನದು.

ಕರ್ನ್ ಕೌಂಟಿ ಇರುವ ಸಾನ್ ವಾಕೀನ್ ಕಣಿವೆಯ ಮಣ್ಣಿನಲ್ಲಿ ಕಾಕ್ಸಿಡಿಯಾಯ್ಡಿಸ್ ಎಂಬ ಶಿಲೀಂಧ್ರ ನೆಲೆಸಿದೆ. ಚಳಿಗಾಲದ ಮಳೆಗೆ ಬೆಳೆಯುವ ಅದರ ಎಳೆಗಳು ಬೇಸಿಗೆಯಲ್ಲಿ ಒಣಗಿ ತುಂಡಾಗಿ, 2ರಿಂದ 5 ಮೈಕ್ರಾನ್ ಗಾತ್ರದ, ಕಣ್ಣಿಗೆ ಕಾಣದ ಕಣಗಳಾಗಿ ಧೂಳಿನೊಡನೆ ಮೇಲೇಳುತ್ತವೆ. ಉಸಿರಿನೊಂದಿಗೆ ಶ್ವಾಸಕೋಶದ ಆಳಕ್ಕೆ ಇಳಿದ ಕಣವು ಅಲ್ಲಿ ಗುಂಡಗೆ ಉಬ್ಬಿ, ಒಡೆದು, ನೂರಾರು ಮರಿಕಣಗಳನ್ನು ಚೆಲ್ಲುತ್ತದೆ. ಅವುಗಳಲ್ಲಿ ಒಂದೊಂದೂ ಮತ್ತೆ ಅದೇ ಕೆಲಸಕ್ಕೆ ತೊಡಗುತ್ತದೆ. ಜನ ಇದನ್ನು ವ್ಯಾಲಿ ಫೀವರ್ ಎನ್ನುತ್ತಾರೆ. ಒಬ್ಬರಿಂದೊಬ್ಬರಿಗೆ ಅಂಟುವ ಕಾಯಿಲೆಯಲ್ಲ, ಧೂಳು ಕುಡಿದವರಿಗೆ ಬರುವ ಕಾಯಿಲೆ. 2024ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ 12,000ಕ್ಕೂ ಹೆಚ್ಚು ಪ್ರಕರಣಗಳು ದಾಖಲಾದವು, ಅವುಗಳಲ್ಲಿ ದೊಡ್ಡ ಪಾಲು ನೀನು ಹೋಗುತ್ತಿರುವ ಕೌಂಟಿಯದು.

ಬಾದಾಮಿ ಕೊಯ್ಲನ್ನು ನೀನು ಪುಸ್ತಕದಲ್ಲಿ ಓದಿರುತ್ತೀಯೆ, ಆಗಸ್ಟಿನಲ್ಲಿ ಕಣ್ಣಾರೆ ನೋಡುವೆ. ಯಂತ್ರವು ಮರದ ಕಾಂಡವನ್ನು ಹಿಡಿದು ಕೆಲವೇ ಕ್ಷಣ ಅಲುಗಿಸುತ್ತದೆ, ಕಾಯಿಗಳು ನೆಲಕ್ಕೆ ಸುರಿಯುತ್ತವೆ, ಅಲ್ಲೇ ಕೆಲವು ದಿನ ಒಣಗುತ್ತವೆ. ಬಳಿಕ ಗುಡಿಸುವ ಯಂತ್ರವು ಗಾಳಿ ಊದಿ ಅವನ್ನು ಸಾಲುಗೂಡಿಸುತ್ತದೆ, ಇನ್ನೊಂದು ಯಂತ್ರ ಬಂದು ಬಾಚಿಕೊಳ್ಳುತ್ತದೆ. ತಿಂಗಳುಗಟ್ಟಲೆ ಮಳೆ ಕಾಣದ ನೆಲವನ್ನು ಹೀಗೆ ಕೆದಕಿದಾಗ ಪಕ್ಕದ ಸಾಲಿನ ಮರವೂ ಕಾಣದಷ್ಟು ಧೂಳು ಏಳುತ್ತದೆ. ಚಾಲಕನಿಗಾದರೂ ಹಲವು ಯಂತ್ರಗಳಲ್ಲಿ ಗಾಜಿನ ಕ್ಯಾಬಿನ್ ಇರುತ್ತದೆ. ಕೋಲು ಹಿಡಿದು ಮರದಲ್ಲಿ ಉಳಿದ ಕಾಯಿಗಳನ್ನು ಬಡಿಯುತ್ತಾ ಹಿಂದೆ ನಡೆಯುವ ಆಳುಗಳಿಗೆ ಮುಖಕ್ಕೆ ಕಟ್ಟಿದ ಕರ್ಚೀಫೇ ಗತಿ, ಮತ್ತು ಕರ್ಚೀಫು ಈ ಕಣಗಳನ್ನು ತಡೆಯುವುದಿಲ್ಲ.

ಆ ಆಳುಗಳ ಸಲುವಾಗಿಯೇ ಮುಖ್ಯವಾಗಿ ಈ ಕಾಗದ ಬರೆಯುತ್ತಿದ್ದೇನೆ. ನಿನ್ನ ಜೋಪಾನ ನೀನು ನೋಡಿಕೊಳ್ಳಬಲ್ಲೆ. ಅವರ ಜೋಪಾನ ನಿನ್ನ ಕೈಯಲ್ಲಿದೆ. ಕ್ಯಾಲಿಫೋರ್ನಿಯಾದಲ್ಲಿ ಈ ರೋಗ ಮೊದಲು ಕಂಡದ್ದೇ 1890ರ ದಶಕದಲ್ಲಿ, ಪೋರ್ಚುಗಲ್‌ನ ಅಜೋರ್ಸ್ ದ್ವೀಪಗಳಿಂದ ದುಡಿಯಲು ಬಂದಿದ್ದ ಒಬ್ಬ ಕೃಷಿ ಕೂಲಿಯಲ್ಲಿ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಆ ಕಣಿವೆಯ ಸೇನಾ ವಿಮಾನನೆಲೆಗಳಲ್ಲಿ ಸಿಪಾಯಿಗಳು ಇದೇ ಕಾಯಿಲೆಯಿಂದ ಸಾಲುಸಾಲಾಗಿ ಹಾಸಿಗೆ ಹಿಡಿದಾಗ, ಈ ರೋಗವನ್ನು ಅಭ್ಯಸಿಸುತ್ತಿದ್ದ ಡಾಕ್ಟರ್ ಚಾರ್ಲ್ಸ್ ಸ್ಮಿತ್ ಅವರ ಸಲಹೆಯಂತೆ ಮೈದಾನಕ್ಕೆ ಹುಲ್ಲು ಹಾಕಿಸಿ, ದಾರಿಗಳಿಗೆ ಗಟ್ಟಿ ಹಾಸು ಮಾಡಿಸಿ ಧೂಳನ್ನು ಅಡಗಿಸಿದರು, ಸೋಂಕೂ ಇಳಿಯಿತು. ಸಿಪಾಯಿಗಳಿಗೆ ಆಗ ಮಾಡಿದ್ದನ್ನು ಕೂಲಿಗಳಿಗೆ ಮಾಡಲು ಇಷ್ಟು ವರ್ಷ ಯಾಕೆ ಬೇಕಾಯಿತು ಎಂಬ ಪ್ರಶ್ನೆಗೆ ನನಗೆ ವೈದ್ಯಶಾಸ್ತ್ರದಲ್ಲಿ ಉತ್ತರ ಸಿಕ್ಕಿಲ್ಲ. 2019ರಲ್ಲಿ ರಾಜ್ಯ ಮಾಡಿದ ಕಾನೂನು ಕೂಡ ಈ ರೋಗದ ತರಬೇತಿಯನ್ನು ಕಡ್ಡಾಯ ಮಾಡಿದ್ದು ಕಟ್ಟಡ ಕೆಲಸದ ಮಾಲೀಕರಿಗೆ, ತೋಟದವರಿಗಲ್ಲ.

ಕಾನೂನು ಹೇಳಲಿಲ್ಲವೆಂದು ನೀನು ಸುಮ್ಮನಿರಬೇಡ. ತೋಟದ ಮಣ್ಣುದಾರಿಗಳಿಗೆ ನೀರು ಹೊಡೆಸು, ವಾಹನಗಳ ವೇಗ ಇಳಿಸು, ಗಾಳಿ ಜೋರಾದ ದಿನ ಗುಡಿಸುವ ಕೆಲಸವನ್ನು ಮುಂದೂಡು, ನಡೆದು ದುಡಿಯುವವರನ್ನು ಯಂತ್ರದ ಧೂಳು ಹಾರುವ ಕಡೆಗೆ ಬಿಡದೆ ಗಾಳಿ ಬರುವ ಕಡೆಯಲ್ಲಿ ನಿಲ್ಲಿಸು. ಎನ್-95 ಮಾಸ್ಕನ್ನು ಕಂಪನಿಯ ಖರ್ಚಿನಲ್ಲೇ ಕೊಡಿಸು. ಆದರೆ ನಲವತ್ತು ಡಿಗ್ರಿ ಸೆಕೆಯಲ್ಲಿ ದಿನವಿಡೀ ಅದನ್ನು ಹಾಕಿಕೊಂಡು ದುಡಿಯುವುದು ಆಗದ ಮಾತಾದ್ದರಿಂದ, ಮಾಸ್ಕ್ ಹಂಚಿದ ಮಾತ್ರಕ್ಕೆ ಕೆಲಸ ಮುಗಿಯಿತೆಂದು ತಿಳಿಯಬೇಡ. ಹೇಳುವುದನ್ನು ಅವರ ಭಾಷೆಯಲ್ಲೇ ಹೇಳಿಸು. ಮೆಕ್ಸಿಕೋದ ಓಹಾಕಾದಿಂದ ಬಂದವರಲ್ಲಿ ಹಲವರ ಮನೆಮಾತು ಮಿಶ್ಟೆಕ್. ಸ್ಪ್ಯಾನಿಷ್‌ನಲ್ಲಿ ಕೊಟ್ಟ ಎಚ್ಚರಿಕೆಗೆ ಅವರು ತಲೆಯಾಡಿಸಿದರೂ ಪೂರ್ತಿ ಅರ್ಥವಾಗಿರುವುದಿಲ್ಲ. ಕೆಮ್ಮು ಹಿಡಿದವನು ಕೂಲಿ ತಪ್ಪೀತೆಂದು ಬಾಯಿ ಬಿಡುವುದಿಲ್ಲ. ಕೆಲಸದಿಂದ ಬಂದ ಕಾಯಿಲೆಗೆ ಅಲ್ಲಿ ಪರಿಹಾರ ವಿಮೆಯಿದೆ, ವಲಸೆಯ ಕಾಗದಪತ್ರ ಇಲ್ಲದವರಿಗೂ ಅದು ಅನ್ವಯಿಸುತ್ತದೆ ಎಂಬುದನ್ನು ನೀನೇ ಮೊದಲು ತಿಳಿಸು.

ಇನ್ನು ನಿನ್ನ ವಿಷಯ. ಗಡ್ಡ ತೆಗೆಸು, ಗಡ್ಡವಿದ್ದರೆ ಮಾಸ್ಕ್ ಮುಖಕ್ಕೆ ಬಿಗಿಯಾಗಿ ಕೂರುವುದಿಲ್ಲ. ತೋಟದ ಬಟ್ಟೆ, ಬೂಟುಗಳಲ್ಲಿ ಕಾರು ಹತ್ತಬೇಡ. ಧೂಳು ಕುಡಿದ ಒಂದರಿಂದ ಮೂರು ವಾರಗಳಲ್ಲಿ ಜ್ವರ, ಕೆಮ್ಮು, ಎದೆನೋವು, ರಾತ್ರಿ ಬೆವರು, ಮಂಡಿನೋವು, ಮೆಟ್ಟಿಲು ಹತ್ತಲಾಗದಷ್ಟು ಸುಸ್ತು ಕಂಡರೆ, ಅದರಲ್ಲೂ ಮೊಣಕಾಲ ಕೆಳಗೆ ಕೆಂಪು ಗಂಟುಗಳೆದ್ದರೆ, ಈ ಶಿಲೀಂಧ್ರದ ಸೋಂಕನ್ನು ಪತ್ತೆಮಾಡುವ ಕಾಕ್ಸಿ ರಕ್ತಪರೀಕ್ಷೆ ಮಾಡಿರೆಂದು ಬಾಯಿಬಿಟ್ಟು ಕೇಳು. ಮಾಮೂಲಿ ನ್ಯುಮೋನಿಯಾ ಎಂದು ಕೊಡುವ ಆಂಟಿಬಯೋಟಿಕ್ ಈ ಶಿಲೀಂಧ್ರವನ್ನು ಮುಟ್ಟುವುದಿಲ್ಲ. ಮೊದಲ ಪರೀಕ್ಷೆ ನೆಗೆಟಿವ್ ಬಂದರೂ ಕಾಯಿಲೆ ಇಳಿಯದಿದ್ದರೆ ಕೆಲವು ವಾರ ಬಿಟ್ಟು ಮತ್ತೆ ಮಾಡಿಸು. ಸೋಂಕು ತಗುಲಿದವರಲ್ಲಿ ನೂರಕ್ಕೆ ಸುಮಾರು ಅರವತ್ತು ಜನರಿಗೆ ಏನೂ ಆಗುವುದಿಲ್ಲ, ಉಳಿದವರಲ್ಲೂ ಹೆಚ್ಚಿನವರು ತಾವಾಗಿಯೇ ಚೇತರಿಸಿಕೊಳ್ಳುತ್ತಾರೆ, ಆದ್ದರಿಂದ ಹೆದರಬೇಕಾಗಿಲ್ಲ. ನೂರರಲ್ಲಿ ಒಬ್ಬರಿಗೆ ಮಾತ್ರ ಅದು ಮೂಳೆಗೋ ಚರ್ಮಕ್ಕೋ ಮಿದುಳಿನ ಪೊರೆಗೋ ಹರಡುತ್ತದೆ, ಮಿದುಳಿನ ಪೊರೆಗೆ ಹರಡಿದರೆ ಜೀವಮಾನವಿಡೀ ಔಷಧಿ ನುಂಗಬೇಕು. ಸಕ್ಕರೆ ಕಾಯಿಲೆಯವರಲ್ಲಿ ರೋಗ ಶ್ವಾಸಕೋಶದಲ್ಲಿ ಬೇರೂರುವುದು ಹೆಚ್ಚು. ನಮ್ಮ ಮನೆತನದಲ್ಲಿ ಸಕ್ಕರೆ ಕಾಯಿಲೆ ನಿನ್ನ ಅಜ್ಜನಿಂದ ಹರಿದು ಬಂದಿರುವುದು ನಿನಗೆ ಗೊತ್ತೇ ಇದೆ, ಕೆಲಸಕ್ಕೆ ಸೇರುವ ಮುಂಚೆ ಒಮ್ಮೆ ರಕ್ತ ಪರೀಕ್ಷೆ ಮಾಡಿಸಿಕೋ.

ಇನ್ನೊಂದು ಮಾತು, ಇದು ನಮ್ಮ ಕಡೆಯದು. ದೀಪಾವಳಿಗೆ ಬರುವಾಗ ಕೆಮ್ಮು ಹೊತ್ತು ಬಂದೆಯಾದರೆ ಧಾರವಾಡದ ವೈದ್ಯರಿಗೆ ಎಕ್ಸ್‌ರೇ ನೋಡಿದೊಡನೆ ಹೊಳೆಯುವುದು ಕ್ಷಯ. ಈ ಶಿಲೀಂಧ್ರ ನಮ್ಮ ಮಣ್ಣಿನದಲ್ಲವಾದ್ದರಿಂದ ಅದು ಅವರ ತಪ್ಪೂ ಅಲ್ಲ. ಎಲ್ಲಿ, ಯಾವ ಕೆಲಸದಲ್ಲಿದ್ದೆಯೆಂಬುದನ್ನು ಮೊದಲ ವಾಕ್ಯದಲ್ಲೇ ಹೇಳು. ಕಫವನ್ನು ಲ್ಯಾಬಿಗೆ ಕಳಿಸುವಾಗಲೂ ಅದನ್ನು ಬರೆಸು, ಏಕೆಂದರೆ ತಟ್ಟೆಯಲ್ಲಿ ಬೆಳೆಸಿದ ಈ ಬೂಷ್ಟಿನ ಕಣಗಳು ಮುಚ್ಚಳ ತೆಗೆದ ಲ್ಯಾಬಿನವರ ಶ್ವಾಸಕೋಶಕ್ಕೇ ಹೋಗಬಲ್ಲವು.

ನಿಮ್ಮ ತೋಟದ ಎಷ್ಟು ಯಂತ್ರಗಳಿಗೆ ಮುಚ್ಚಿದ ಕ್ಯಾಬಿನ್ ಇದೆ, ಅವುಗಳ ಗಾಳಿ ಫಿಲ್ಟರನ್ನು ಯಾವಾಗ ಬದಲಿಸಿದ್ದಾರೆ ಎಂಬುದನ್ನು ಮೊದಲ ವಾರವೇ ವಿಚಾರಿಸಿ ನನಗೆ ಬರೆ.

ಇತಿ ನಿನ್ನ ಸೋದರಮಾವ