ಜಾಮೀನಿನ ಅರ್ಜಿ ಮುಂದಿಟ್ಟುಕೊಂಡಿರುವ ನ್ಯಾಯಾಧೀಶೆ ಮಗಳಿಗೆ

ಪ್ರೀತಿಯ ಮಗಳೇ,

ನಿನ್ನ ಪತ್ರ ಸೋಮವಾರ ಕೈಸೇರಿತು. ಮನೆಯ ಸಂಗತಿಯೆಲ್ಲ ನಿನ್ನಪ್ಪ ಫೋನಿನಲ್ಲಿ ಹೇಳಿರುತ್ತಾನೆ, ಅದನ್ನು ಬಿಡುತ್ತೇನೆ. ಕೊನೆಯಲ್ಲಿ, ಸಹಿಗಿಂತ ಸ್ವಲ್ಪ ಮೇಲೆ, ಇಕ್ಕಟ್ಟಿನಲ್ಲಿ ಒಂದು ಸಾಲು ತುರುಕಿದ್ದೀಯಲ್ಲ: "ನಾನು ಜಾಮೀನು ಕೊಟ್ಟು ಬಿಟ್ಟವನು ಹೊರಗೆ ಹೋಗಿ ಇನ್ನೊಂದು ಜೀವ ತೆಗೆದರೆ ಏನು ಮಾಡಲಿ ದೊಡ್ಡಪ್ಪಾ?" ಮೂರು ರಾತ್ರಿಯಿಂದ ಅದೇ ಸಾಲು ತಲೆಯಲ್ಲಿ. ಕಕ್ಕಡ ತಿಂಗಳ ಮಳೆ ಹಂಚಿನ ಮೇಲೆ ಒಂದೇ ಸಮನೆ ಹೊಡೆಯುತ್ತಿದೆ, ಮೊದಲೇ ನಿದ್ದೆ ಕಡಿಮೆ.

ಕೇಸು ಯಾವುದು, ಯಾರದು ಎಂದು ನೀನು ಬರೆದಿಲ್ಲ. ಬರೆಯಬಾರದು, ನಾನು ಕೇಳಲೂ ಬಾರದು. ಹಾಗಾಗಿ ಇಲ್ಲಿ ಬರೆಯುವುದೆಲ್ಲ ನನ್ನ ಹಳೆಯ ಸಂಗತಿ. ನಿನ್ನ ಮುಂದಿರುವ ಕಡತಕ್ಕೂ ಇದಕ್ಕೂ ಸಂಬಂಧ ಕಟ್ಟಬೇಡ.

ಆ ಹೆದರಿಕೆ ಬೇಡ ಎಂದು ಹೇಳಲಾರೆ. ಕೊಲೆ ಕೇಸಿನ ಜಾಮೀನು ಅರ್ಜಿ ಓದುವಾಗ ಒಂದಿಷ್ಟೂ ಅಳುಕದ ನ್ಯಾಯಾಧೀಶರನ್ನು ಕಂಡರೆ ನನಗೇ ಭಯ. ಆದರೆ ಮಗಳೇ, ಸರ್ಕಾರದ ಪರ ವಾದಿಸುವ ಪಿ.ಪಿ. (ಪಬ್ಲಿಕ್ ಪ್ರಾಸಿಕ್ಯೂಟರ್) ಆಗಿದ್ದಷ್ಟು ವರ್ಷವೂ ನ್ಯಾಯಾಧೀಶರಿಗೆ ಈ ಹೆದರಿಕೆಯನ್ನು ಹುಟ್ಟಿಸುವುದೇ ನನ್ನ ಕೆಲಸವಾಗಿತ್ತು. "ಇವನನ್ನು ಬಿಟ್ಟರೆ ಸಾಕ್ಷಿಗಳ ಗತಿಯೇನು ಸ್ವಾಮಿ" ಎಂದು ಮಡಿಕೇರಿ ಕೋಟೆಯೊಳಗಿನ ಹಳೆ ಕೋರ್ಟಿನಲ್ಲಿ ನಿಂತು ಎಷ್ಟು ಸಲ ಹೇಳಿದ್ದೇನೋ. ಆಕ್ಷೇಪಣೆಯ ಹಾಳೆ ಒಂದೇ ಇರುತ್ತಿತ್ತು. ಹೆಸರು, ಕ್ರೈಂ ನಂಬರು ಬದಲಾಯಿಸಿ ಟೈಪಿಸ್ಟ್ ತಂದಿಡುತ್ತಿದ್ದ, ನಾನು ಸಹಿ ಹಾಕುತ್ತಿದ್ದೆ.

ಎಚ್.ಡಿ. ಕೋಟೆ ಕಡೆಯಿಂದ ಕಾಫಿ ಕುಯ್ಯಲು ಬಂದ ಹುಡುಗನೊಬ್ಬನ ಮೇಲೆ ಕೊಲೆ ಕೇಸು ಬಿತ್ತು. ಕೂಲಿಯವರ ಲೈನ್ ಮನೆಯ ಹಿಂದೆ ಹೆಣ ಸಿಕ್ಕಿತ್ತು. ಇವನು ಅತ್ತ ಕಡೆಯಿಂದ ಓಡಿದ್ದನ್ನು ಕಂಡೆ ಎಂದು ತೋಟದ ಲೆಕ್ಕ ಬರೆಯುವ ರೈಟರ್ ಹೇಳಿಕೆ ಕೊಟ್ಟಿದ್ದ, ಉಳಿದದ್ದೆಲ್ಲ ಊಹೆ. ನಾನು ಅದೇ ಹಾಳೆಗೆ ಸಹಿ ಹಾಕಿ, "ಇವನಿಗೆ ಇಲ್ಲಿ ಮನೆಯಿಲ್ಲ, ಮಠವಿಲ್ಲ, ಬಿಟ್ಟರೆ ಓಡಿಹೋಗುತ್ತಾನೆ" ಎಂದೆ. ಅರ್ಜಿ ವಜಾ ಆಯಿತು. ಅದಕ್ಕಾಗಿ ಯಾರೂ ನನ್ನನ್ನು ಏನೂ ಕೇಳಲಿಲ್ಲ, ನ್ಯಾಯಾಧೀಶರನ್ನೂ ಕೇಳಲಿಲ್ಲ. ಬಿಟ್ಟವನು ತಪ್ಪು ಮಾಡಿದರೆ ಊರೆಲ್ಲ ಮಾತಾಡುತ್ತದೆ. ಬಿಡದೆ ಉಳಿದವನ ಸುದ್ದಿ ಜೈಲಿನ ಗೋಡೆ ದಾಟಿ ಬರುವುದೇ ಇಲ್ಲ.

ಒಂದು ವರ್ಷದ ಮೇಲೆ ಹೈಕೋರ್ಟು ಜಾಮೀನು ಕೊಟ್ಟಿತು. ಆಮೇಲೂ ಐದು ತಿಂಗಳು ಒಳಗೇ ಇದ್ದ, ಅವನಿಗೆ ಹೊಣೆ ನಿಲ್ಲುವ ಶ್ಯೂರಿಟಿ ಸಿಗಲಿಲ್ಲ. ಅವನಣ್ಣ ಪಹಣಿ ಹಿಡಿದುಕೊಂಡು ಬಂದರೆ ಅದು ಮೈಸೂರು ಜಿಲ್ಲೆಯದು, ಆಗುವುದಿಲ್ಲ ಎಂದರು. ಇಲ್ಲಿ ಒಬ್ಬ ಪುಣ್ಯಾತ್ಮ ನಿಲ್ಲುತ್ತೇನೆ ಎಂದು ಬಂದ. ಅವನದು ಜಮ್ಮಾ ಭೂಮಿ, ಕೊಡಗಿನ ಮನೆತನಗಳಿಗೆ ವಂಶಪಾರಂಪರ್ಯವಾಗಿ ಬಂದ ಜಮೀನು. ನಮ್ಮ ಜಮ್ಮಾ ಪಹಣಿ ನಿನಗೆ ಗೊತ್ತಲ್ಲ, ಮನೆತನದ ಹಿರಿಯನಾದ ಪಟ್ಟೇದಾರನ ಹೆಸರಲ್ಲೇ ಕೂತಿರುತ್ತಿತ್ತು. ಅದೂ ಆಗಲಿಲ್ಲ. ಬೇರೆ ಜಿಲ್ಲೆಯ ಆಸ್ತಿ ಎಂಬ ಒಂದೇ ಕಾರಣಕ್ಕೆ ಅಣ್ಣನ ಜಾಮೀನು ತಳ್ಳಿಹಾಕುವುದು ತಪ್ಪು ಎಂದು ಸುಪ್ರೀಂ ಕೋರ್ಟು 1978ರಲ್ಲೇ ಮೋತಿರಾಮ್ ಕೇಸಿನಲ್ಲಿ ಹೇಳಿತ್ತು. ಅಲ್ಲಿಯೂ ಒಬ್ಬ ಗಾರೆ ಕೆಲಸದವನು, 10,000 ರೂಪಾಯಿಯ ಶ್ಯೂರಿಟಿ. ಆ ತೀರ್ಪು ನಾನು ಓದಿದ್ದೆ. ಎದ್ದು ನಿಂತು ಒಂದು ಮಾತು ಹೇಳಬಹುದಿತ್ತು. ಆರೋಪಿಯ ಪರ ಪಿ.ಪಿ. ಮಾತಾಡಿದ ಎಂದು ಹೊರಗೆ ಆಡಿಕೊಂಡಾರು ಎಂದು ಸುಮ್ಮನೆ ಕೂತೆ.

ಬಿಟ್ಟ ಮೇಲೆ ಆ ಹುಡುಗ ಕೋರ್ಟಿನ ಒಂದು ವಾಯಿದೆಯೂ ತಪ್ಪಿಸಲಿಲ್ಲ. ಮೊದಲ ಬಸ್ಸಿಗೆ ಬಂದು ಜಗಲಿಯ ಮೂಲೆಯಲ್ಲಿ ಕೂತು, ಬಟ್ಟೆಯಲ್ಲಿ ಕಟ್ಟಿ ತಂದ ರೊಟ್ಟಿ ತಿನ್ನುತ್ತಿದ್ದ. ನಾನು ಹಾದುಹೋದರೆ ರೊಟ್ಟಿ ಕೆಳಗಿಟ್ಟು ಎದ್ದು ನಿಲ್ಲುತ್ತಿದ್ದ. ಪಾಟಿಸವಾಲಿನಲ್ಲಿ ರೈಟರ್‌ನ ಹೇಳಿಕೆ ನಿಲ್ಲಲಿಲ್ಲ, ಅಂದು ಸಂಜೆ ಮಂಜಿನಲ್ಲಿ ಹತ್ತು ಮಾರು ದೂರದ ಗಿಡವೂ ಕಾಣುತ್ತಿರಲಿಲ್ಲ ಎಂದು ಅವನೇ ಒಪ್ಪಿಕೊಂಡ. ಬಿಡುಗಡೆಯಾಯಿತು.

ಇಷ್ಟು ಓದಿ, ದೊಡ್ಡಪ್ಪ ಬಿಟ್ಟುಬಿಡು ಎನ್ನುತ್ತಿದ್ದಾರೆ ಎಂದುಕೊಳ್ಳಬೇಡ. ಇನ್ನೊಂದು ಹೇಳಬೇಕು. ಅದನ್ನು ನಿನ್ನ ದೊಡ್ಡಮ್ಮನಿಗೂ ಪೂರ್ತಿ ಹೇಳಿಲ್ಲ.

ಗದ್ದೆಯ ಪಾಲಿನ ಜಗಳ, ಅಣ್ಣ ತಮ್ಮನಿಗೆ ಗುಂಡು ಹೊಡೆದ ಕೇಸು. ನನ್ನ ಆಕ್ಷೇಪಣೆ ಮೀರಿ ಜಾಮೀನು ಸಿಕ್ಕಿತು. ಆರೋಪಿ ವಾಪಸು ಬಂದದ್ದು ಅದೇ ಮನೆಗೆ, ತಮ್ಮನ ಹೆಂಡತಿ ಇದ್ದ ಅದೇ ಅಂಗಳಕ್ಕೆ. ಹೊಡೆದ ಕೋವಿ ಜಪ್ತಿಯಾಗಿತ್ತು. ಮನೆಯಲ್ಲಿ ಇನ್ನೊಂದು ಕೋವಿ ಇತ್ತು, ನಮ್ಮ ಕೊಡಗಿನಲ್ಲಿ ಎಷ್ಟೋ ಮನೆಗಳಲ್ಲಿ ಲೈಸೆನ್ಸ್ ವಿನಾಯಿತಿಯ ಕೋವಿ ಇರುತ್ತದಲ್ಲ. ಅದರ ಸುದ್ದಿಯನ್ನೇ ನಾನು ಎತ್ತಿರಲಿಲ್ಲ. ಆಯುಧ ಪೂಜೆಯ ಹಬ್ಬವಾದ ಕೈಲ್‌ಪೋದಿನ ದಿನ ಅದರ ನಳಿಗೆಗೆ ತೋಕ್‌ಪೂ ಹೂವು ಸಿಕ್ಕಿಸಿ ಪೂಜೆಗಿಟ್ಟಿದ್ದರಂತೆ. ಆ ಹೆಣ್ಣುಮಗಳು ಬಾಗಿಲ ಮರೆಯಲ್ಲಿ ನಿಂತು ನೋಡಿದಳಂತೆ. ಕಟಕಟೆಗೆ ಬಂದಾಗ "ನಾನು ಏನೂ ನೋಡಿಲ್ಲ" ಎಂದಳು. ಪ್ರತಿಕೂಲ ಸಾಕ್ಷಿ ಎಂದು ಬರೆಸಿ ನಾನೇ ಅವಳನ್ನು ಪಾಟಿಸವಾಲು ಮಾಡಬೇಕಾಯಿತು. ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತಿದ್ದಳು, ಬಿಚ್ಚುತ್ತಿದ್ದಳು. ತಲೆ ಎತ್ತಲಿಲ್ಲ.

ನಾನು ಬೇಡ ಬೇಡ ಎಂದಷ್ಟೇ ವಾದಿಸಿದ್ದೆ. ಕೊಡುವುದಾದರೆ ಆ ತಾಲೂಕಿಗೆ ಕಾಲಿಡಬಾರದು, ಮನೆಯ ಕೋವಿಗಳೆಲ್ಲ ಠಾಣೆಗೆ ಬರಬೇಕು, ಅವಳ ಸಾಕ್ಷ್ಯ ಮೊದಲು ಆಗಬೇಕು ಎಂದು ಕೇಳಲಿಲ್ಲ. ನೀನು ಹೆದರುವುದು ಇನ್ನೊಂದು ಕೊಲೆಗೆ. ಅಲ್ಲಿ ಇನ್ನೊಂದು ಕೊಲೆ ಆಗಲಿಲ್ಲ. ಆದರೂ ಆ ಬೆರಳುಗಳು ನನಗೆ ಇವತ್ತಿಗೂ ಕಾಣುತ್ತವೆ.

ಹೇಳಬಹುದಾದರೆ ಇಷ್ಟು ಹೇಳುತ್ತೇನೆ, ನಿನಗೆ ಕಾನೂನು ಕಲಿಸುವಷ್ಟು ನಾನು ದೊಡ್ಡವನಲ್ಲ. ಜಾಮೀನಿಗೆ ನನ್ನ ಕಾಲದ ಸೆಕ್ಷನ್ 439 ಹೋಗಿ 483 ಬಂದಿದೆ, ಕೊಲೆಗೆ 302 ಹೋಗಿ 103 ಬಂದಿದೆ, ನಂಬರುಗಳಲ್ಲಿ ನಾನೇ ದಾರಿ ತಪ್ಪುತ್ತೇನೆ. "ಬಿಟ್ಟರೆ ಏನಾದೀತು" ಎಂದು ಅನ್ನಿಸಿದಾಗ, ಯಾರಿಗೆ, ಎಲ್ಲಿ, ಯಾವುದರಿಂದ ಎಂದು ಪಿ.ಪಿ.ಯನ್ನೇ ಕೇಳು. ಅವರ ಬಳಿ ನನ್ನಂಥ ಒಂದೇ ಹಾಳೆ ಇದ್ದರೆ ಅಲ್ಲೇ ಗೊತ್ತಾಗುತ್ತದೆ. ಸತ್ತವನ ಮನೆಯವರು ಬಂದು ನಿಂತರೆ ಅವರ ಮಾತಿಗೂ ಜಾಗ ಕೊಡು, ರೈತರ ಮೇಲೆ ವಾಹನ ಹರಿದ ಲಖೀಂಪುರ ಖೇರಿ ಕೇಸಿನಲ್ಲಿ 2022ರಲ್ಲಿ ಸುಪ್ರೀಂ ಕೋರ್ಟು ಜಾಮೀನು ರದ್ದು ಮಾಡುವಾಗ ಇದನ್ನೂ ಹೇಳಿತು. 90 ದಿನದೊಳಗೆ ಪೊಲೀಸರು ಚಾರ್ಜ್‌ಶೀಟ್ ಹಾಕದೆ, ಕಾನೂನು ಕೊಟ್ಟ ಹಕ್ಕಿನಿಂದಲೇ ಯಾರಾದರೂ ಜಾಮೀನಿನ ಮೇಲೆ ಹೊರಗೆ ಹೋದರೆ ಅದನ್ನು ನಿನ್ನ ತಲೆಗೆ ಕಟ್ಟಿಕೊಳ್ಳಬೇಡ. ಕೊಡುವುದಿಲ್ಲ ಎಂದು ಬರೆದರೆ ಆ ಕೇಸಿನ ವಿಚಾರಣೆ ಎಳೆಯದಂತೆ ನೀನೇ ನೋಡಿಕೊಳ್ಳಬೇಕು, ಬೀಗದ ಒಳಗೆ ಒಬ್ಬ ಕಾಯುತ್ತಿರುತ್ತಾನೆ. ಕೊಟ್ಟರೆ, ಅವನ ಕೈಲಾಗುವ ಶ್ಯೂರಿಟಿ ಕೇಳು.

ಇಷ್ಟೆಲ್ಲ ಮಾಡಿಯೂ ನೀನು ಹೆದರಿದಂತೆಯೇ ಆದರೆ? ಆಗಬಹುದು ಮಗಳೇ. ಆಗುವುದಿಲ್ಲ ಎಂದು ನಾನು ಬರೆದುಕೊಟ್ಟರೆ ಸುಳ್ಳಾಗುತ್ತದೆ. ಅಂಥ ದಿನ ಬಂದರೆ ಫೋನು ಮಾಡಬೇಡ, ರಜೆ ಹಾಕಿ ಸೀದಾ ಇಲ್ಲಿಗೆ ಬಾ.

ಅರ್ಜಿಯ ಆದೇಶ ಯಾವ ಕಡೆಗಾಯಿತು ಎಂದು ನನಗೆ ತಿಳಿಸುವುದು ಬೇಡ. ಆ ರಾತ್ರಿ ಊಟ ಮಾಡಿದೆಯಾ, ನಿದ್ದೆ ಬಂತಾ, ಅದನ್ನು ಮಾತ್ರ ಬರೆ.

ನಿನ್ನ
ದೊಡ್ಡಪ್ಪ